ಗೊಬ್ಬರ ಬೇಡದ ನೀಲಿ ಹೂವು: ವೈಪರ್ಸ್ ಬ್ಯೂಗ್ಲಾಸ್ ಬೆಳೆಸುವ ಸಮಗ್ರ ಮಾರ್ಗದರ್ಶಿ

ಗೊಬ್ಬರ ಬೇಡ. ದಿನಾ ನೀರೂ ಬೇಡ. ಒಳ್ಳೆ ಮಣ್ಣಂತೂ ಬೇಡವೇ ಬೇಡ. ವೈಪರ್ಸ್ ಬ್ಯೂಗ್ಲಾಸ್ ಬೆಳೆಸಲು ಹೊರಟವರಿಗೆ ಮೊದಲು ಹೇಳಬೇಕಾದ್ದು ಇದನ್ನೇ. ಕೇಳೋಕೆ ಸುಲಭ, ನಮ್ಮವರಿಗೆ ಪಾಲಿಸೋದು ಕಷ್ಟ. ಊರಲ್ಲಿ ಬೆಳಿಗ್ಗೆ ಎದ್ದು ಗಿಡಕ್ಕೆ ಒಂದು ಚೊಂಬು ನೀರು ಹಾಕಿ, ಆಗಾಗ ಒಂದು ಹಿಡಿ ಸಗಣಿ ಗೊಬ್ಬರ ಕೊಟ್ಟು ಬೆಳೆಸಿದವರು ನಾವು. ಇಂಗ್ಲೆಂಡಿಗೆ ಬಂದು ಮನೆ ಹಿಂದೆ ಒಂದು ತುಂಡು ನೆಲ ಸಿಕ್ಕ ಕೂಡಲೇ ಗಾರ್ಡನ್ ಸೆಂಟರ್‌ಗೆ ಓಡಿ ಕಾಂಪೋಸ್ಟ್ ಚೀಲ ತುಂಬಿಕೊಂಡು ಬರುತ್ತೇವೆ. ಮೆಂತ್ಯ, ಕೊತ್ತಂಬರಿ, ಹುರುಳಿಕಾಯಿಗೆ ಅದು ಸರಿ. ಆದರೆ ಈ ಗಿಡ ಹಾಳಾಗೋದು ಹೆಚ್ಚಾಗಿ ಇಂಥ ಆರೈಕೆಯಿಂದಲೇ.

ಈ ಬರಹ ಬ್ರಿಟನ್ನಿನಲ್ಲಿ, ಅಥವಾ ಯುರೋಪಿನ ಅದೇ ಥರದ ಹವೆಯಲ್ಲಿ ಇರುವ ಕನ್ನಡಿಗರಿಗಾಗಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿ ಇರುವವರು ಮೊದಲು ‘ಎಲ್ಲಿ ಬಿತ್ತಬಾರದು’ ಅನ್ನುವ ಭಾಗ ಓದಿ. ಬೆಂಗಳೂರಿನವರಿಗೂ ಅಲ್ಲೇ ಉತ್ತರ ಇದೆ.

ಯಾವ ಗಿಡ ಇದು?

ಸಸ್ಯಶಾಸ್ತ್ರದ ಹೆಸರು ಎಕಿಯಮ್ ವಲ್ಗೇರ್. ಬೋರೇಜ್ ಕುಟುಂಬಕ್ಕೆ ಸೇರಿದ್ದು. ನಮ್ಮ ಕಡೆ ಹೊಲದ ಬದುವಿನಲ್ಲಿ, ಪಾಳು ಜಾಗದಲ್ಲಿ ಕಾಣುವ ಕತ್ತೆತುಂಬೆ ಮತ್ತು ಚೇಳುಕೊಂಡಿ ಗಿಡ ಎರಡೂ ಇದೇ ನೆಂಟಸ್ತಿಕೆಯವು. ಚೇಳುಕೊಂಡಿ ಗಿಡ ನೋಡಿದವರಿಗೆ ಬ್ಯೂಗ್ಲಾಸ್ ಗುರುತು ಹಿಡಿಯೋದು ಸುಲಭ. ಎರಡರಲ್ಲೂ ಹೂವಿನ ಕಡ್ಡಿಯ ತುದಿ ಚೇಳಿನ ಬಾಲದ ಹಾಗೆ ಒಳಕ್ಕೆ ಸುತ್ತಿಕೊಂಡಿರುತ್ತದೆ. ಹೂವು ಅರಳುತ್ತಾ ಹೋದಂತೆ ಸುರುಳಿ ಬಿಚ್ಚಿಕೊಳ್ಳುತ್ತದೆ.

ಗಿಡದ ಎತ್ತರ ಸಾಮಾನ್ಯವಾಗಿ 30ರಿಂದ 90 ಸೆಂಟಿಮೀಟರ್. ಮೊಗ್ಗು ಗುಲಾಬಿ ಬಣ್ಣ, ಅರಳಿದ ಹೂವು ಕಡು ನೀಲಿ. ಹೂವಿನ ಬಾಯಿಂದ ಹೊರಗೆ ಚಾಚಿದ ಕೆಂಪು ಕೇಸರಗಳು. ಕಾಂಡದ ಮೇಲೆ ಬಿಳಿ ಬಿರುಸು ಕೂದಲು, ನಡುನಡುವೆ ಕೆಂಗಪ್ಪು ಚುಕ್ಕೆ. ಒಂದೇ ಕಡ್ಡಿಯಲ್ಲಿ ಗುಲಾಬಿ, ನೇರಳೆ, ನೀಲಿ ಮೂರೂ ಒಟ್ಟಿಗೆ ಕಾಣುತ್ತವೆ. ಬ್ರಿಟನ್ನಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವಿನ ಕಾಲ.

ಇದು ದ್ವೈವಾರ್ಷಿಕ ಗಿಡ. ಅಂದರೆ ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ಹೂವು, ಬೀಜ, ಆಮೇಲೆ ಸಾವು. ಮೊದಲ ವರ್ಷ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರದ ಆಕಾರದಲ್ಲಿ ಹರಡುತ್ತವೆ. ಇದಕ್ಕೆ ರೋಸೆಟ್ ಅಂತಾರೆ. ಆ ವರ್ಷ ಗಿಡದ ಗಮನವೆಲ್ಲ ಕೆಳಗೆ. ಒಂದು ದಪ್ಪ ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ಲಾನ್ ಎಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗಲೂ ಇದು ಹಸಿರಾಗಿ ನಿಂತು ಹೂ ಬಿಡೋದು ಆ ಬೇರಿನಿಂದಲೇ.

‘ಎರಡನೇ ವರ್ಷ’ ಅನ್ನೋದು ಕಟ್ಟುನಿಟ್ಟಿನ ಲೆಕ್ಕ ಅಲ್ಲ. ರೋಸೆಟ್ ಒಂದು ಮಟ್ಟಕ್ಕೆ ದೊಡ್ಡದಾಗಿ, ಆಮೇಲೆ ಒಂದು ಚಳಿಗಾಲ ಕಳೆದರೆ ಮಾತ್ರ ಹೂವಿನ ಕಡ್ಡಿ ಏಳುತ್ತದೆ. ತೀರಾ ಚಿಕ್ಕದಾಗಿಯೇ ಉಳಿದ ಗಿಡ ಮೂರನೇ ವರ್ಷಕ್ಕೂ ಕಾಯುತ್ತದೆ. ಹೂ ಬರಲಿಲ್ಲ ಅಂತ ಎರಡನೇ ಬೇಸಿಗೆಯಲ್ಲೇ ಕಿತ್ತು ಬಿಸಾಕಬೇಡಿ.

ಎಲ್ಲಿ ಬಿತ್ತಬಾರದು

ಈ ಗಿಡದ ತವರು ಯುರೋಪ್ ಮತ್ತು ಪಶ್ಚಿಮ, ಮಧ್ಯ ಏಷ್ಯಾ. ಅಲ್ಲಿ ಇದು ಕಾಡುಹೂವು. ಬೇರೆ ಖಂಡಗಳಲ್ಲಿ ಇದೇ ಗಿಡ ಕಳೆಯಾಗಿ ಹಬ್ಬಿದೆ. ಉತ್ತರ ಅಮೆರಿಕದಲ್ಲಿ ಇದನ್ನು ಬ್ಲೂವೀಡ್ ಅನ್ನುತ್ತಾರೆ. ವಾಷಿಂಗ್ಟನ್ ರಾಜ್ಯದ ಹಾನಿಕರ ಕಳೆಗಳ ಪಟ್ಟಿಯಲ್ಲಿದೆ, ಕೆನಡಾದ ಆಲ್ಬರ್ಟಾದ ಪಟ್ಟಿಯಲ್ಲೂ ಇದೆ. ಸಿಯಾಟಲ್ ಕಡೆಯ ಸ್ನೇಹಿತರು ಬೀಜ ಕಳಿಸಿ ಅಂದರೆ ಸಾರಿ ಅಂದುಬಿಡಿ. ಆಸ್ಟ್ರೇಲಿಯಾದಲ್ಲಿ ಇದರ ಅಕ್ಕತಂಗಿ ಜಾತಿ ಎಕಿಯಮ್ ಪ್ಲಾಂಟಾಜಿನಿಯಮ್ ‘ಪ್ಯಾಟರ್ಸನ್ಸ್ ಕರ್ಸ್’ ಅನ್ನುವ ಹೆಸರಲ್ಲಿ ಹುಲ್ಲುಗಾವಲುಗಳನ್ನೇ ನುಂಗಿದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲೂ ಬ್ಯೂಗ್ಲಾಸ್ ಹೊರಗಿನಿಂದ ಬಂದು ಹಬ್ಬಿದ್ದೇ. ಅಲ್ಲಿನ ಜೇನು ಸಾಕಣೆಯವರು ಮಾತ್ರ ಅದರಿಂದಲೇ ಒಂದು ಹೆಸರುವಾಸಿ ಜೇನುತುಪ್ಪ ತೆಗೆಯುತ್ತಾರೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಬೆಳೆಯಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಬೇಡ. ಹೂ ಬಿಡಲು ಇದಕ್ಕೆ ಸರಿಯಾದ ಚಳಿಗಾಲ ಬೇಕು. ನಮ್ಮ ಡಿಸೆಂಬರಿನ ತಂಪು ಅದಕ್ಕೆ ಸಾಲದು. ಮಳೆಗಾಲದ ಬೆಚ್ಚಗಿನ ತೇವದಲ್ಲಿ ಬುಡ ಕೊಳೆಯುತ್ತದೆ. ಜೊತೆಗೆ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಹೊರದೇಶದ ಬೀಜವನ್ನು ಭಾರತಕ್ಕೆ ತರುವಂತಿಲ್ಲ. ಸೂಟ್‌ಕೇಸಿನ ಮೂಲೆಯಲ್ಲಿ ಒಂದು ಪೊಟ್ಟಣ ತಾನೇ ಅನ್ನುವ ಹಾಗಿಲ್ಲ. ಊರಲ್ಲಿ ಜೇನುಹುಳ ಬೇಕು ಅಂದರೆ ತುಂಬೆ, ತುಳಸಿ, ಸೂರ್ಯಕಾಂತಿ ಇವೆಯಲ್ಲ, ಧಾರಾಳವಾಗಿ ಹಾಕಿ.

ಬೀಜ ಕೊಳ್ಳುವಾಗ

ಪೊಟ್ಟಣದ ಮೇಲೆ ‘ಎಕಿಯಮ್’ ಅಂತಷ್ಟೇ ನೋಡಿ ಕೊಂಡರೆ ಬೇರೇನೋ ಮನೆಗೆ ಬರುತ್ತದೆ. ‘ಬ್ಲೂ ಬೆಡ್ಡರ್’ ಅನ್ನೋದು ಕುಳ್ಳ ತಳಿ. ಬಿತ್ತಿದ ವರ್ಷವೇ ಹೂ ಬಿಡುತ್ತದೆ. ಎರಡು ವರ್ಷ ಕಾಯಲು ತಾಳ್ಮೆ ಇಲ್ಲದವರಿಗೆ ಅದು ಚೆನ್ನ, ಜೇನುಹುಳಗಳಿಗೂ ಇಷ್ಟ. ಎಕಿಯಮ್ ಪಿನಿನಾನ ಕ್ಯಾನರಿ ದ್ವೀಪಗಳ ದೈತ್ಯ. ಸುಮಾರು 4 ಮೀಟರ್ ಎತ್ತರಕ್ಕೂ ಹೋಗುತ್ತದೆ, ಆದರೆ ಗಟ್ಟಿ ಹಿಮ ತಡೆಯುವುದಿಲ್ಲ. ಕೆಂಪು ಹೂವಿನ ಎಕಿಯಮ್ ವೈಲ್ಡ್‌ಪ್ರೆಟಿಯೂ ಅದೇ ದ್ವೀಪಗಳದ್ದು, ಅದಕ್ಕೂ ಬ್ರಿಟನ್ನಿನ ಚಳಿ ಆಗಿಬರುವುದಿಲ್ಲ. ನಮಗೆ ಬೇಕಾದ್ದು ‘ಎಕಿಯಮ್ ವಲ್ಗೇರ್’ ಅಂತ ಪೂರ್ತಿ ಬರೆದಿರುವ, ಬ್ರಿಟಿಷ್ ಮೂಲದ ಕಾಡುಹೂವಿನ ಬೀಜ. ಇದು ಮೈನಸ್ 20 ಡಿಗ್ರಿಯನ್ನೂ ತಡೆದುಕೊಳ್ಳುವ ಗಟ್ಟಿ ಗಿಡ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪರಾಗಸ್ಪರ್ಶಕ ಸ್ನೇಹಿ ಗಿಡಗಳ ಪಟ್ಟಿಯಲ್ಲೂ ಇದರ ಹೆಸರಿದೆ.

ಬೀಜ 2ರಿಂದ 3 ಮಿಲಿಮೀಟರ್ ಉದ್ದ, ಕಂದು ಬೂದು ಬಣ್ಣ, ಮೈ ಒರಟು. ಒಂದು ಗ್ರಾಂನಲ್ಲಿ ಕೆಲವು ನೂರು ಬೀಜ ಇರುತ್ತವೆ. ಸಾಧಾರಣ ಹಿತ್ತಲಿಗೆ ಒಂದು ಗ್ರಾಂ ಧಾರಾಳ ಸಾಕು.

ದಾರಿ ಬದಿಯಲ್ಲಿ ಬೆಳೆದ ಗಿಡವನ್ನು ಕಿತ್ತು ತರುವ ಆಸೆ ಬೇಡ. ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ, ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳುವಂತಿಲ್ಲ. ಕಿತ್ತು ತಂದರೂ ತಾಯಿಬೇರು ತುಂಡಾಗಿ ಗಿಡ ಉಳಿಯೋದು ಅಪರೂಪ.

ಜಾಗ ಮತ್ತು ಮಣ್ಣು

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ಸರಿಹೋದರೆ ಮುಂದಿನ ಕೆಲಸ ಕಡಿಮೆ.

ಈ ಗಿಡ ತಾನಾಗಿಯೇ ಎಲ್ಲಿ ಬೆಳೆಯುತ್ತದೆ ನೋಡಿ. ಸುಣ್ಣಕಲ್ಲಿನ ಗುಡ್ಡದ ಇಳಿಜಾರು, ಹಳೇ ಕಲ್ಲುಗಣಿ, ರೈಲು ಹಳಿಯ ಜಲ್ಲಿ, ನಾರ್ಫೋಕ್ ಮತ್ತು ಸಫೋಕ್ ನಡುವಿನ ಬ್ರೆಕ್‌ಲ್ಯಾಂಡಿನ ಮರಳು ನೆಲ. ಕೆಂಟ್ ಕರಾವಳಿಯ ಡಂಜನೆಸ್‌ಗೆ ಜೂನ್ ತಿಂಗಳಲ್ಲಿ ಹೋದರೆ ಮಣ್ಣೇ ಇಲ್ಲ ಅನ್ನುವಂಥ ಬೆಣಚುಕಲ್ಲಿನ ರಾಶಿಯ ಮೇಲೆ ಬ್ಯೂಗ್ಲಾಸ್ ನೀಲಿ ಚೆಲ್ಲಿರುತ್ತದೆ. ಚಿತ್ರ ನಿರ್ದೇಶಕ ಡೆರೆಕ್ ಜಾರ್ಮನ್ 1980ರ ದಶಕದಲ್ಲಿ ಅಲ್ಲಿ ಪ್ರಾಸ್ಪೆಕ್ಟ್ ಕಾಟೇಜ್ ಅನ್ನುವ ಮನೆ ಕೊಂಡು, ಅಣುವಿದ್ಯುತ್ ಸ್ಥಾವರ ಕಾಣುವಷ್ಟು ದೂರದಲ್ಲಿ, ಬೇಲಿಯಿಲ್ಲದ ತೋಟ ಮಾಡಿದ್ದರು. ಆ ತೋಟದಲ್ಲೂ ಇದಿತ್ತು. ಉಪ್ಪುಗಾಳಿ, ಬಿಸಿಲು, ಕಲ್ಲು. ಗಿಡಕ್ಕೆ ಬೇಕಾದ್ದೆಲ್ಲ ಅಲ್ಲಿದೆ ಅನ್ನಬೇಕು.

ಹಾಗಾಗಿ ಮೊದಲ ಲೆಕ್ಕ ಬಿಸಿಲು. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಹುಡುಕಿ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಪಕ್ಕ, ಡ್ರೈವ್‌ವೇ ಅಂಚು, ಪೇವಿಂಗ್ ಕಲ್ಲುಗಳ ಕೊನೆ. ನಿಮ್ಮ ಹಿತ್ತಲಲ್ಲಿ ಏನು ಹಾಕಿದರೂ ಬರೋದಿಲ್ಲ ಅಂತ ಬೈದುಕೊಳ್ಳುವ ಮೂಲೆ ಒಂದಿರುತ್ತದಲ್ಲ, ಅದನ್ನೇ ಮೊದಲು ನೋಡಿ.

ಎರಡನೆಯದು ನೀರು ಬಸಿಯೋದು. ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ ಬಿಟ್ಟುಬಿಡಿ. ಕೆಲವು ಗಂಟೆಯಲ್ಲಿ ಇಂಗಿದರೆ ಸರಿ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ನೇರ ಬಿತ್ತಬೇಡಿ. ಬ್ರಿಟನ್ನಿನ ಚಳಿ ಈ ಗಿಡವನ್ನು ಕೊಲ್ಲುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬುಡದಲ್ಲಿ ನಿಲ್ಲುವ ನೀರು ಕೊಲ್ಲುತ್ತದೆ.

ಲಂಡನ್ ಸುತ್ತಮುತ್ತ ಅನೇಕರ ಹಿತ್ತಲು ಜೇಡಿಮಣ್ಣಿನದು. ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಬಿರುಕು. ಅದನ್ನು ಸರಿ ಮಾಡಲು ಎರಡು ಚೀಲ ಮರಳು ಬೆರೆಸಿದರೆ ಏನೂ ಆಗುವುದಿಲ್ಲ, ಸುಮ್ನೆ ಬೆನ್ನುನೋವು. ಮಣ್ಣಿನ ಮೇಲೆ 20ರಿಂದ 30 ಸೆಂಟಿಮೀಟರ್ ಎತ್ತರದ ದಿಬ್ಬ ಕಟ್ಟೋದು ಒಳ್ಳೆಯದು. ತೋಟಕ್ಕೆ ಅಂತ ಮಾರುವ ಒರಟು ಮರಳು ಮತ್ತು ಸಣ್ಣ ಜಲ್ಲಿಯನ್ನು ಸಮಸಮ ಬೆರೆಸಿ, ಅದಕ್ಕೆ ಹಿತ್ತಲಿನ ಮಣ್ಣು ಕಾಲು ಭಾಗದಷ್ಟು ಸೇರಿಸಿದರೆ ಸಾಕು. ಹಳೇ ಇಟ್ಟಿಗೆ ಚೂರು, ಗಾರೆಯ ಪುಡಿ, ಕಾಂಕ್ರೀಟ್ ತುಂಡು ಇದ್ದರೆ ಅದೂ ಬರಲಿ. ಅದರ ಸುಣ್ಣದಂಶ ಈ ಗಿಡಕ್ಕೆ ಹಿತ. ಆದರೆ ಹಳೇ ಗ್ಯಾರೇಜು, ಶೆಡ್ಡು ಒಡೆದ ಅವಶೇಷ ಬಳಸುವ ಮುಂಚೆ ಅದರಲ್ಲಿ ಆಸ್‌ಬೆಸ್ಟಾಸ್ ಇಲ್ಲ ಅನ್ನೋದು ಖಾತ್ರಿಯಾಗಿರಲಿ. ಬ್ರಿಟನ್ನಿನಲ್ಲಿ ಅದು ಪೂರ್ತಿ ನಿಷೇಧ ಆಗಿದ್ದು 1999ರಲ್ಲಿ, ಹಾಗಾಗಿ ಅದಕ್ಕಿಂತ ಹಳೇ ಕಟ್ಟಡದ ತಗಡು, ಶೀಟು ಮುಟ್ಟಬೇಡಿ.

ಲಾನ್ ಇರುವ ಕಡೆ ಬಿತ್ತೋದಾದರೆ ಹುಲ್ಲಿನ ಪದರವನ್ನು ಬೇರುಸಹಿತ 5ರಿಂದ 10 ಸೆಂಟಿಮೀಟರ್ ಹೆರೆದು ತೆಗೆಯಿರಿ. ಹುಲ್ಲಿನ ಜೊತೆ ಮೇಲಿನ ಸಾರವೂ ಹೋಗುತ್ತದೆ. ಬೇರೆ ಬೆಳೆಗಾದರೆ ಇದು ಹುಚ್ಚುತನ. ಇಲ್ಲಿ ನಮಗೆ ಬೇಕಾಗಿರೋದೇ ಅದು. ಸಾರದ ಮಣ್ಣಿನಲ್ಲಿ ಹುಲ್ಲು, ಗಿಡುಗಂಟಿ ಮುನ್ನುಗ್ಗಿ ಸಸಿಗಳನ್ನು ಮುಚ್ಚಿಬಿಡುತ್ತವೆ. ಉಳಿದ ಗಿಡವೂ ಕೊಬ್ಬಿ, ಎಲೆ ಜಾಸ್ತಿಯಾಗಿ, ಕಾಂಡ ಮೆದುವಾಗಿ ಗಾಳಿಗೆ ಮಲಗುತ್ತದೆ. ಬಡ ನೆಲದಲ್ಲಿ ಬೆಳೆದದ್ದು ಕುಳ್ಳಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಕಡ್ಡಿ ಊರಿ ಆಸರೆ ಕೊಡಬೇಕಾಗಿಲ್ಲ.

ಬಿತ್ತನೆ

ಯಾವಾಗ? ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ. ಆಗಸ್ಟ್ ಕೊನೆಯಲ್ಲೂ ಬಿತ್ತಬಹುದು ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ಮೊಳಕೆಯೇನೋ ಬರುತ್ತದೆ. ಆದರೆ ಚಳಿಗಾಲದೊಳಗೆ ರೋಸೆಟ್ ದೊಡ್ಡದಾಗಲು ಸಮಯ ಸಾಲದೆ, ಹೂವು ಮುಂದಿನ ಬೇಸಿಗೆಗೆ ಬಾರದೆ ಅದರಾಚೆಯ ಬೇಸಿಗೆಗೆ ಹೋಗುವ ಸಾಧ್ಯತೆ ಜಾಸ್ತಿ. ನನ್ನನ್ನು ಕೇಳಿದರೆ ಮೇ ತಿಂಗಳೇ ಸರಿ. ಮಣ್ಣು ಬೆಚ್ಚಗಾಗಿರುತ್ತದೆ, ಅಲ್ಲಲ್ಲಿ ಮಳೆಯೂ ಇರುತ್ತದೆ.

ಬಿತ್ತುವ ಎರಡು ವಾರ ಮುಂಚೆ ಜಾಗ ಸಿದ್ಧಪಡಿಸಿ ಹಾಗೇ ಬಿಡಿ. ಮಣ್ಣಲ್ಲಿದ್ದ ಕಳೆ ಬೀಜಗಳು ಆಗ ಮೊಳೆಯುತ್ತವೆ. ಅವನ್ನು ಮೇಲ್ಮೇಲೆ ಕೆರೆದು ತೆಗೆಯಿರಿ. ಆಳವಾಗಿ ಅಗೆದರೆ ಕೆಳಗಿನ ಹೊಸ ಕಳೆ ಬೀಜ ಮೇಲೆ ಬರುತ್ತದೆ, ಕೆಲಸ ಎರಡಾಗುತ್ತದೆ.

ಆಮೇಲೆ ಕ್ರಮ ಹೀಗೆ. ಮೇಲಿನ ಮಣ್ಣನ್ನು ರೇಕ್‌ನಿಂದ ಸಡಿಲ ಮಾಡಿ. ಮಣ್ಣು ಒಣಗಿದ್ದರೆ ಈಗಲೇ ನೀರು ಹಾಕಿ, ಬಿತ್ತಿದ ಮೇಲೆ ಜೋರಾಗಿ ಹಾಕಿದರೆ ಬೀಜ ಕೊಚ್ಚಿ ಒಂದು ಕಡೆ ಸೇರುತ್ತದೆ. ಕೋಲಿನಿಂದ ಅರ್ಧ ಸೆಂಟಿಮೀಟರ್ ಆಳದ ಗೀರು ಎಳೆಯಿರಿ. ಗೀರಿನಿಂದ ಗೀರಿಗೆ ಒಂದು ಅಡಿ. ಅದರಲ್ಲಿ ಬೀಜವನ್ನು ತೆಳುವಾಗಿ, ಬೆರಳುಗಳ ನಡುವಿನಿಂದ ರಂಗೋಲಿ ಎಳೆ ಬಿಡುವ ಕೈಯಲ್ಲೇ ಬಿಡಿ. ಆಮೇಲೆ ಅಂಗೈಯಿಂದ ಮಣ್ಣು ಮುಚ್ಚಿ, ಮೆತ್ತಗೆ ಒತ್ತಿ. ಕಾಡುಹೂವಿಗೆ ಸಾಲು ಯಾಕೆ, ಚೆಲ್ಲಿದರೆ ಆಗಲ್ವಾ ಅನ್ನಬಹುದು. ಆಗುತ್ತದೆ. ಆದರೆ ಸಾಲಿನಲ್ಲಿ ಮೊಳೆತದ್ದು ನಾವು ಬಿತ್ತಿದ್ದು, ಸಾಲಿನ ಆಚೆ ಮೊಳೆತದ್ದು ಕಳೆ ಅಂತ ಮೊದಲ ಸಲದವರಿಗೆ ಗೊತ್ತಾಗುತ್ತದೆ. ಮುಂದಿನ ಪೀಳಿಗೆ ತನ್ನಷ್ಟಕ್ಕೆ ಉದುರಿ ಬೆಳೆದಾಗ ಸಾಲೆಲ್ಲ ಮಾಯ.

ಮೊಳಕೆಗೆ ಎರಡರಿಂದ ಮೂರು ವಾರ. ಆ ದಿನಗಳಲ್ಲಿ ಮಳೆ ಬಾರದಿದ್ದರೆ ಎರಡು ದಿನಕ್ಕೊಮ್ಮೆ ಸಣ್ಣ ತೂತಿನ ಕ್ಯಾನ್‌ನಿಂದ ನೀರು ಚಿಮುಕಿಸಿ. ಈ ಗಿಡದ ಇಡೀ ಬದುಕಿನಲ್ಲಿ ನಮ್ಮ ನೀರು ನಿಜವಾಗಿ ಬೇಕಾಗೋದು ಈಗ ಮಾತ್ರ.

ಒಂದು ಮಾತು ಮರೆಯಬೇಡಿ: ಪೊಟ್ಟಣದ ಬೀಜ ಪೂರ್ತಿ ಖಾಲಿ ಮಾಡಬೇಡಿ. ಅರ್ಧ ಈ ವರ್ಷ, ಇನ್ನರ್ಧ ಮುಂದಿನ ವರ್ಷ. ಎಲ್ಲವನ್ನೂ ಒಂದೇ ವರ್ಷ ಬಿತ್ತಿದರೆ ಒಂದು ಬೇಸಿಗೆ ಪೂರ್ತಿ ನೀಲಿ, ಮುಂದಿನ ಬೇಸಿಗೆ ಬರೀ ಎಲೆ, ಹೀಗೆ ವರ್ಷ ಬಿಟ್ಟು ವರ್ಷ ಹೂವು ಕಾಣುತ್ತದೆ. ಎರಡು ವರ್ಷ ಬಿತ್ತಿದರೆ ಎರಡು ತಲೆಮಾರು ಒಂದರ ಬೆನ್ನಿಗೆ ಒಂದು ನಡೆಯುತ್ತವೆ, ಪ್ರತಿ ಜೂನ್‌ನಲ್ಲೂ ಹೂವು ಇರುತ್ತದೆ. ಉಳಿದ ಬೀಜ ಕಾಗದದ ಕವರಿನಲ್ಲಿ, ತಂಪಾದ ಒಣ ಜಾಗದಲ್ಲಿರಲಿ.

ಮೊದಲ ವರ್ಷ

ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು, ಸಸಿಗೆ ಮೂರ್ನಾಲ್ಕು ನಿಜವಾದ ಎಲೆ ಬಂದ ಮೇಲೆ ಹೆಚ್ಚಿನ ಸಸಿಗಳನ್ನು ಕಿತ್ತು ಅಂತರ ಮಾಡಿ. ಗಿಡದಿಂದ ಗಿಡಕ್ಕೆ ಒಂದು ಅಡಿಯಿಂದ ಒಂದೂವರೆ ಅಡಿ ಅಂತರ ಬೇಕು. ಮುದ್ದಾದ ಸಸಿಗಳನ್ನು ಕಿತ್ತೆಸೆಯಲು ಮನಸ್ಸು ಬಾರದು, ನಿಜ. ಆದರೆ ಒತ್ತೊತ್ತಾಗಿ ಬಿಟ್ಟರೆ ಒಂದೂ ರೋಸೆಟ್ ದೊಡ್ಡದಾಗುವುದಿಲ್ಲ, ಹೂವು ಇನ್ನೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ಈ ಹಂತದ ದೊಡ್ಡ ಶತ್ರು ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳ. ರಾತ್ರಿ ಮಳೆ ಬಿದ್ದ ಮಾರನೇ ಬೆಳಿಗ್ಗೆ ನೋಡಿದರೆ ಸಾಲಿಗೆ ಸಾಲೇ ಇರುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ ಆರಿಸಿ ತೆಗೆಯೋದು ಹಳೇ ದಾರಿ, ಈಗಲೂ ಅದೇ ಒಳ್ಳೆಯದು. ಜೇನುಹುಳಕ್ಕೆ ಅಂತ ಬೆಳೆಸುವ ಪಾತಿಗೆ ಕೀಟನಾಶಕ ಹೊಡೆಯೋದರಲ್ಲಿ ಅರ್ಥವಿಲ್ಲ. ಎಲೆಯ ಮೇಲೆ ಬಿರುಸು ಕೂದಲು ಗಟ್ಟಿಯಾದ ಮೇಲೆ ಸ್ಲಗ್‌ಗಳು ತಾವಾಗಿಯೇ ದೂರ ಉಳಿಯುತ್ತವೆ.

ಇನ್ನು ಗುರುತಿನ ವಿಷಯ. ಮೊದಲ ವರ್ಷದ ರೋಸೆಟ್ ನೋಡೋಕೆ ಅಪ್ಪಟ ಕಳೆ. ಮನೆಗೆ ಬಂದ ಅತ್ತೆ ಮಾವ ಒಳ್ಳೆ ಮನಸ್ಸಿನಿಂದ ಒಂದು ಬೆಳಿಗ್ಗೆ ಹಿತ್ತಲು ಕ್ಲೀನ್ ಮಾಡಿದರೆ ಮುಗೀತು ಕಥೆ. ಬ್ಯೂಗ್ಲಾಸ್ ಎಲೆ ಉದ್ದ, ಕಿರಿದು, ಪಟ್ಟಿಯ ಆಕಾರ. ನಡುವೆ ಒಂದೇ ದಪ್ಪ ನರ. ಅಂಚಿನಲ್ಲಿ ಹಲ್ಲಿಲ್ಲ. ಎಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪ್ರತಿ ಕೂದಲೂ ಒಂದು ಸಣ್ಣ ಗುಳ್ಳೆಯಿಂದ ಎದ್ದಿರೋದು ಕಾಣುತ್ತದೆ. ಇದರ ಜೊತೆ ಎಲ್ಲರೂ ಗೊಂದಲ ಮಾಡಿಕೊಳ್ಳೋದು ಬ್ರಿಸ್ಟ್ಲಿ ಆಕ್ಸ್‌ಟಂಗ್ ಅನ್ನುವ ಕಳೆಯನ್ನು. ಅದಕ್ಕೂ ಗುಳ್ಳೆ, ಅದಕ್ಕೂ ಬಿರುಸು ಕೂದಲು. ಆದರೆ ಅದರ ಗುಳ್ಳೆ ದಪ್ಪ ಮತ್ತು ಬಿಳಿ, ಎಲೆ ಅಗಲ, ಎಲೆ ಮುರಿದರೆ ಹಾಲು ಒಸರುತ್ತದೆ. ಬ್ಯೂಗ್ಲಾಸ್‌ನಲ್ಲಿ ಹಾಲಿಲ್ಲ. ಅನುಮಾನ ಬಂದರೆ ಒಂದು ಎಲೆಯ ಚೂರು ಮುರಿದು ನೋಡಿ. ಪ್ರತಿ ರೋಸೆಟ್ ಪಕ್ಕ ಒಂದು ಐಸ್‌ಕ್ರೀಮ್ ಕಡ್ಡಿ ಚುಚ್ಚಿಟ್ಟರೆ ಮನೆಯಲ್ಲಿ ಜಗಳವೂ ತಪ್ಪುತ್ತದೆ.

ಮುಟ್ಟುವಾಗ ಕೈಗವಸು ಹಾಕಿ. ಆ ಕೂದಲು ಚರ್ಮದಲ್ಲಿ ಮುರಿದು ಉಳಿಯುತ್ತವೆ, ಕೆಲವರಿಗೆ ತುರಿಕೆ, ಕೆಂಪು ದದ್ದು ಬರುತ್ತದೆ. ತಿನ್ನೋಕಂತೂ ಬೇಡ. ಗಿಡದಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಅನ್ನುವ, ಯಕೃತ್ತಿಗೆ ಕೆಟ್ಟದ್ದು ಮಾಡುವ ವಸ್ತುಗಳಿವೆ. ಕುದುರೆ, ದನ ಮೇಯುವ ಜಾಗದ ಪಕ್ಕ ಬಿತ್ತಬೇಡಿ. ಹಿಂದೆ ಯುರೋಪಿನಲ್ಲಿ ಇದನ್ನು ಹಾವಿನ ಕಡಿತಕ್ಕೆ ಮದ್ದು ಅಂತ ನಂಬಿದ್ದರು. ಆ ನಂಬಿಕೆಗೆ ಆಧಾರವಿಲ್ಲ. ಕಷಾಯ ಗಿಷಾಯ ಮಾಡುವ ಸಾಹಸಕ್ಕೆ ಹೋಗಬೇಡಿ.

ಚಳಿಗಾಲದಲ್ಲಿ ಮಾಡೋಕೆ ಏನೂ ಇಲ್ಲ. ಮುಚ್ಚಬೇಡಿ, ಎಲೆಗೊಬ್ಬರ ಹರಡಬೇಡಿ. ಪಕ್ಕದ ಮರದ ಒದ್ದೆ ಎಲೆಗಳು ರೋಸೆಟ್ ಮೇಲೆ ಬಿದ್ದು ಮೆತ್ತಿಕೊಂಡಿದ್ದರೆ ತೆಗೆದುಹಾಕಿ, ಅಷ್ಟೇ. ಹೊರಗಿನ ಎಲೆ ಒಂದೆರಡು ಕಪ್ಪಾದರೂ ನಡುವಿನ ಚಿಗುರು ಗಟ್ಟಿ ಇದ್ದರೆ ಗಿಡ ಚೆನ್ನಾಗಿದೆ.

ಎರಡನೇ ವರ್ಷ

ಏಪ್ರಿಲ್, ಮೇನಲ್ಲಿ ರೋಸೆಟ್‌ನ ನಡುವಿನಿಂದ ಕಡ್ಡಿ ಏಳುತ್ತದೆ. ದೊಡ್ಡ ಗಿಡದಲ್ಲಿ ಒಂದಲ್ಲ, ಹಲವು. ಈ ಹೊತ್ತಿಗೆ ಸುತ್ತಲಿನ ಹುಲ್ಲು ಒಮ್ಮೆ ಕಿತ್ತರೆ ಸಾಕು.

ಹೂ ಬಿಡಲು ಶುರುವಾದ ಮೇಲೆ ಒಂದು ಕುರ್ಚಿ ಹಾಕಿಕೊಂಡು ಹತ್ತಿರ ಕೂತು ನೋಡಿ. ಒಂದು ಜೇನುಹುಳದ ಹಿಂಗಾಲು ಗಮನಿಸಿ. ಅದು ಕಟ್ಟಿಕೊಂಡ ಪರಾಗದ ಉಂಡೆ ಹಳದಿ ಇರುವುದಿಲ್ಲ, ಕಡು ನೀಲಿ ಬೂದು ಬಣ್ಣ. ಬ್ಯೂಗ್ಲಾಸ್‌ನ ಪರಾಗವೇ ಹಾಗೆ. ಹೂವಿನ ಮೇಲ್ತುಟಿ ಉದ್ದ, ಕೆಳತುಟಿ ಗಿಡ್ಡ. ಹುಳ ಚಾಚಿದ ಕೇಸರಗಳ ಮೇಲೆ ಇಳಿದು ಒಳಗೆ ತಲೆ ಹಾಕುತ್ತದೆ, ಆಗ ಹೊಟ್ಟೆಗೆ ಪರಾಗ ಮೆತ್ತುತ್ತದೆ. ಹೂವು ಮೊದಲು ಪರಾಗ ಕೊಡುತ್ತದೆ. ಶಲಾಕೆ, ಅಂದರೆ ಹೆಣ್ಣು ಭಾಗ, ಉದ್ದವಾಗಿ ತುದಿ ಸೀಳಿಕೊಂಡು ಸಿದ್ಧವಾಗೋದು ಆಮೇಲೆ. ಹೊಸ ಹೂವು, ಹಳೇ ಹೂವು ಪಕ್ಕಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ನಿಮ್ಮ ಪಾತಿಯಲ್ಲಿ ಒಂದೆರಡು ಗಿಡದ ಹೂವು ಚಿಕ್ಕದಾಗಿದ್ದು ಕೇಸರ ಹೊರಗೆ ಚಾಚಿರದಿದ್ದರೆ ರೋಗ ಅಂದುಕೊಳ್ಳಬೇಡಿ. ಅವು ಹೆಣ್ಣು ಗಿಡಗಳು, ಅವಕ್ಕೆ ಪರಾಗ ಇಲ್ಲ. ಈ ಜಾತಿಯಲ್ಲಿ ಅದು ಸಹಜ.

ಬಂಬಲ್‌ಬೀಗಳಲ್ಲಿ ಕೆಂಪು ಬಾಲದ್ದು, ಮಾಸಲು ಬಾಲದ್ದು ಎರಡೂ ಬರುತ್ತವೆ. ಸಂಜೆ ಮುಂದೆ ಹಮ್ಮಿಂಗ್‌ಬರ್ಡ್ ಹಾಕ್‌ಮಾತ್ ಅನ್ನುವ ಪತಂಗ ಬಂದರೆ ಅದೃಷ್ಟ. ಅದು ಕೂರುವುದಿಲ್ಲ, ಗಾಳಿಯಲ್ಲೇ ನಿಂತು ಉದ್ದ ನಾಲಿಗೆ ಇಳಿಸುತ್ತದೆ. ಪೇಂಟೆಡ್ ಲೇಡಿ ಚಿಟ್ಟೆಯೂ ಬರುತ್ತದೆ. ಇದು ಕರ್ನಾಟಕದಲ್ಲೂ ಹಾರಾಡುವ ಅದೇ ಜಾತಿ. ಅದರ ಕಂಬಳಿಹುಳ ಬ್ಯೂಗ್ಲಾಸ್ ಎಲೆ ತಿನ್ನುತ್ತದೆ, ಹಾಗಾಗಿ ಬಲೆ ಸುತ್ತಿದ ಎಲೆ ಕಂಡರೆ ಗಾಬರಿಯಿಂದ ಕತ್ತರಿಸಬೇಡಿ.

ಇನ್ನೊಂದು ಹುಳದ ಕಥೆ ಹೇಳಲೇಬೇಕು. ಹಾಪ್ಲೈಟಿಸ್ ಅಡುಂಕಾ ಅನ್ನುವ ಒಂಟಿ ಜೇನು ತನ್ನ ಮರಿಗಳಿಗೆ ಎಕಿಯಮ್ ಹೂವಿನ ಪರಾಗ ಬಿಟ್ಟು ಬೇರೇನೂ ಕೂಡಿಡುವುದಿಲ್ಲ. ಯುರೋಪ್ ಖಂಡದಲ್ಲಿ ಇತ್ತು, ಬ್ರಿಟನ್ನಿನಲ್ಲಿ ದಾಖಲೆ ಇರಲಿಲ್ಲ. 2016ರಲ್ಲಿ ಲಂಡನ್ನಿನ ಗ್ರೀನಿಚ್ ಪೆನಿನ್ಸುಲಾ ಎಕಾಲಜಿ ಪಾರ್ಕಿನಲ್ಲಿ ಸಿಕ್ಕಿತು. ಟೊಳ್ಳು ಕಡ್ಡಿಗಳಲ್ಲಿ, ಬೀ ಹೋಟೆಲ್ ಅನ್ನುವ ಟೊಳ್ಳು ಕೊಳವೆಗಳ ಪೆಟ್ಟಿಗೆಗಳಲ್ಲಿ ಗೂಡು ಮಾಡುತ್ತದೆ. ಲಂಡನ್ ಕಡೆ ಇರುವವರು ಬ್ಯೂಗ್ಲಾಸ್ ಪಾತಿಯ ಪಕ್ಕದ ಬಿಸಿಲುಗೋಡೆಗೆ ಒಂದು ಬೀ ಹೋಟೆಲ್ ತೂಗುಹಾಕಿದರೆ ನಷ್ಟವೇನಿಲ್ಲ.

ಜೊತೆಗೆ ಏನು ಬೆಳೆಸಬಹುದು ಅಂದರೆ, ಅದೇ ಬಡ ನೆಲದಲ್ಲಿ ಬದುಕುವ ಆಕ್ಸ್‌ಐ ಡೇಸಿ, ಕಾಡು ಗಜ್ಜರಿ, ಬರ್ಡ್ಸ್‌ಫೂಟ್ ಟ್ರೆಫಾಯಿಲ್, ಕಾಡು ಮಾರ್ಜೊರಮ್. ಬಿಳಿ ಮತ್ತು ಹಳದಿ ನಡುವೆ ಈ ನೀಲಿ ಎದ್ದು ಕಾಣುತ್ತದೆ.

ಹಿತ್ತಲಿಲ್ಲದ ಫ್ಲ್ಯಾಟಿನವರಿಗೆ

ಕುಂಡದಲ್ಲೂ ಬರುತ್ತದೆ, ಆಳ ಇದ್ದರೆ. 40 ಸೆಂಟಿಮೀಟರ್‌ಗಿಂತ ಕಡಿಮೆ ಆಳದ ಕುಂಡ ಬೇಡ. ಗಾರ್ಡನ್ ಸೆಂಟರ್‌ನಲ್ಲಿ ಸಿಗುವ ಜಾನ್ ಇನ್ಸ್ ನಂ. 1 ಅನ್ನುವ ಮಣ್ಣಿನ ಮಿಶ್ರಣ ಒಂದು ಪಾಲು, ಗ್ರಿಟ್ ಅಂದರೆ ಸಣ್ಣ ಜಲ್ಲಿ ಒಂದು ಪಾಲು. ತಳದಲ್ಲಿ ತೂತು ಸಾಕಷ್ಟಿರಲಿ, ಕೆಳಗೆ ತಟ್ಟೆ ಇಡಬೇಡಿ. ಒಂದು ಕುಂಡಕ್ಕೆ ಒಂದೇ ಗಿಡ. ಬೀಜವನ್ನು ಅದೇ ಕುಂಡದಲ್ಲಿ ಬಿತ್ತೋದು ಉತ್ತಮ. ಬೇರೆ ಕಡೆ ಸಸಿ ಮಾಡಿಯೇ ನೆಡಬೇಕು ಅಂದರೆ ಟಾಯ್ಲೆಟ್ ಪೇಪರ್ ರೋಲಿನ ರಟ್ಟಿನ ಕೊಳವೆಯಲ್ಲಿ ಬಿತ್ತಿ, ನಾಲ್ಕಾರು ಎಲೆ ಬಂದ ಕೂಡಲೇ ಕೊಳವೆ ಸಮೇತ ನೆಡಿ. ತಾಯಿಬೇರು ತಳ ಮುಟ್ಟಿ ಸುತ್ತಿಕೊಂಡ ಮೇಲೆ ನೆಟ್ಟ ಗಿಡ ಸುಧಾರಿಸಿಕೊಳ್ಳುವುದೇ ಇಲ್ಲ. ಕುಂಡದ ಗಿಡಕ್ಕೆ ಮಾತ್ರ ಬೇಸಿಗೆಯಲ್ಲಿ ಮೇಲಿನ ಎರಡು ಇಂಚು ಪೂರ್ತಿ ಒಣಗಿದಾಗ ನೀರು ಬೇಕು. ಚಳಿಗಾಲದಲ್ಲಿ ಗೋಡೆಗೆ ಒತ್ತಿ ಇಟ್ಟರೆ ಜಾಸ್ತಿ ಮಳೆ ತಾಗುವುದಿಲ್ಲ.

ಬೇಸಿಗೆ ಕೊನೆಗೆ ಎಲೆಗಳ ಮೇಲೆ ಬಿಳಿ ಬೂದಿ ಬೀಳೋದು ಸಾಮಾನ್ಯ. ಅದು ಪೌಡರಿ ಮಿಲ್ಡ್ಯೂ. ಆ ಹೊತ್ತಿಗೆ ಗಿಡದ ಕೆಲಸ ಮುಗಿದಿರುತ್ತದೆ, ಔಷಧಿ ಬೇಡ.

ಬೀಜ, ಕತ್ತರಿ ಮತ್ತು ಮುಂದಿನ ಪೀಳಿಗೆ

ಪ್ರತಿ ಹೂವಿಗೆ ಹೆಚ್ಚೆಂದರೆ ನಾಲ್ಕು ಬೀಜ. ಆದರೆ ಹೂವುಗಳ ಸಂಖ್ಯೆ ಎಷ್ಟು ಅಂದರೆ ಒಂದು ದೊಡ್ಡ ಗಿಡ ಸಾವಿರ ಬೀಜವನ್ನೂ ದಾಟುತ್ತದೆ. ಅಷ್ಟೂ ನಿಮಗೆ ಬೇಡ, ಪಕ್ಕದ ಮನೆಯವರಿಗಂತೂ ಬೇಡ. ಕೆಳಗಿನ ಹೂವುಗಳು ಮೊದಲು ಬೀಜವಾಗುತ್ತವೆ, ಮೇಲಿನವು ಇನ್ನೂ ಅರಳುತ್ತಿರುತ್ತವೆ. ಆಗಸ್ಟ್ ಮಧ್ಯಕ್ಕೆ ಕೆಳಗಿನ ಪುಷ್ಪಪಾತ್ರೆಗಳು ಕಂದು ಬಣ್ಣಕ್ಕೆ ತಿರುಗಿದಾಗ ಕೈಗವಸು ಹಾಕಿ, ಕಡ್ಡಿಯನ್ನು ಬಗ್ಗಿಸಿ ಕಾಗದದ ಚೀಲದೊಳಗೆ ಕುಟ್ಟಿ. ಮಾಗಿದ್ದು ಮಾತ್ರ ಉದುರುತ್ತದೆ. ಎರಡು ಗಿಡದ ಬೀಜ ಸಿಕ್ಕರೆ ಮುಂದಿನ ವರ್ಷಗಳಿಗೆ ಬೇಕಾದಷ್ಟಾಯಿತು.

ಉಳಿದ ಗಿಡಗಳಲ್ಲಿ ಅರ್ಧದಷ್ಟರ ಕಡ್ಡಿಗಳನ್ನು ಹೂವು ಮುಗಿದ ಕೂಡಲೇ, ಬೀಜ ಮಾಗುವ ಮುಂಚೆ ಕತ್ತರಿಸಿ. ಬೇಗ ಕತ್ತರಿಸಿದರೆ ಪಕ್ಕದಿಂದ ಹೊಸ ಕಡ್ಡಿ ಎದ್ದು ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತು ಹೂವು ಬರುವುದೂ ಉಂಟು. ಮಿಕ್ಕವನ್ನು ಒಣಗಲು ಬಿಡಿ. ಒಣಗಿದ ಕಾಂಡಗಳನ್ನು ಚಳಿಗಾಲ ಪೂರ್ತಿ ನಿಲ್ಲಿಸಿಟ್ಟರೆ ಸಣ್ಣ ಹುಳಗಳಿಗೆ ಮನೆಯಾಗುತ್ತದೆ. ಮಾರ್ಚ್‌ನಲ್ಲಿ ಕಿತ್ತು ಮೂಲೆಯಲ್ಲಿ ರಾಶಿ ಹಾಕಿ.

ಮುಂದಿನ ವಸಂತದಲ್ಲಿ ತಾನಾಗಿ ಬಿದ್ದ ಬೀಜ ಜಲ್ಲಿಯಲ್ಲಿ, ಪೇವಿಂಗ್ ಸಂದಿಯಲ್ಲಿ, ನೀವು ಎಣಿಸಿರದ ಜಾಗದಲ್ಲೆಲ್ಲ ಮೊಳೆಯುತ್ತದೆ. ಬೇಡದ್ದನ್ನು ಬೆರಳುದ್ದ ಇರುವಾಗಲೇ ಕಿತ್ತುಬಿಡಿ. ಶರತ್ಕಾಲದವರೆಗೆ ಬಿಟ್ಟರೆ ತಾಯಿಬೇರು ಕೈಗೆ ಬರುವುದಿಲ್ಲ, ಉದ್ದ ಮೊನೆಯ ಸಲಿಕೆ ಹುಡುಕಬೇಕಾಗುತ್ತದೆ.